ವಿಜ್ಞಾನ ಉದ್ಯಾನದ ಸಣ್ಣ ಸಂಗತಿಗಳು: ಒಂದು ವಿಮರ್ಶೆ

ಚಿಂಚೋಳಿಗೆ ಹೊಂದಿಕೊಂಡಿರುವ ಚಂದಾಪುರದಿಂದ ಕಲಬುರಗಿಗೆ ಸುಮಾರು 80 ಕಿ.ಮೀ. ದೂರ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಿಂದ ದಾರಿ ಇನ್ನೂ ಕಡಿಮೆ. ಈ ಭಾಗದ ಶಾಲೆಗಳು ಶೈಕ್ಷಣಿಕ ಪ್ರವಾಸ ಹೊರಟಾಗ ಕೋಟೆ, ಬುದ್ಧವಿಹಾರಗಳ ಜೊತೆಗೆ ನೋಡಬಹುದಾದ ಇನ್ನೊಂದು ತಾಣ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ. ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತು 1984ರಲ್ಲಿ, ಊರಿನ ಹೆಸರು ಇನ್ನೂ ಗುಲಬರ್ಗಾ ಎಂದಿದ್ದಾಗ, ಆರಂಭಿಸಿದ ಈ ಕೇಂದ್ರ ದೇಶದ ಮೊದಲ ಕೆಲವು ಜಿಲ್ಲಾ ವಿಜ್ಞಾನ ಕೇಂದ್ರಗಳಲ್ಲಿ ಒಂದು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ವಿದ್ಯುಚ್ಛಕ್ತಿಯ ಮೊದಲ ಗ್ಯಾಲರಿ ಸಾರ್ವಜನಿಕರಿಗೆ ತೆರೆದದ್ದು 1965ರಲ್ಲಿ. ಅಲ್ಲಿಂದ ಎರಡು ದಶಕಗಳೊಳಗೆ ಇಂಥ ಒಂದು ಸೌಲಭ್ಯ ಹಿಂದುಳಿದದ್ದೆನ್ನಲಾದ ಜಿಲ್ಲೆಗೆ ಬಂದದ್ದು ಸಣ್ಣ ಸಾಧನೆಯಲ್ಲ.

ಇಂಥ ಕೇಂದ್ರಗಳ ಅಂಗಳದಲ್ಲಿರುವ ವಿಜ್ಞಾನ ಉದ್ಯಾನದ ಕಲ್ಪನೆಯೂ ನಮ್ಮ ದೇಶದಲ್ಲೇ ಬೇಗ ಬೇರೂರಿತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಮುಂಬಯಿಯ ನೆಹರು ವಿಜ್ಞಾನ ಕೇಂದ್ರದಲ್ಲಿ ಬಯಲು ಉದ್ಯಾನವೊಂದು ತೆರೆಯಿತು. ಮರಗಳ ನಡುವೆ ರಾಟೆ, ಸನ್ನೆ, ಸೂರ್ಯಗಡಿಯಾರ, ಪಿಸುಮಾತಿನ ತಟ್ಟೆ ಮುಂತಾದವುಗಳನ್ನು ಇಟ್ಟು, ಆಡುತ್ತಾ ಕಲಿಯಿರಿ ಎಂದು ಮಕ್ಕಳನ್ನು ಬಿಡುವ ಈ ಪದ್ಧತಿ ಆಮೇಲೆ ದೇಶದಾದ್ಯಂತ ಹರಡಿತು. ಶಾಲೆ, ಕಾಲೇಜುಗಳ ಆವರಣಗಳಲ್ಲೂ ಅದರ ಚಿಕ್ಕ ಪ್ರತಿಗಳು ಎದ್ದಿವೆ.

ಈ ಉದ್ಯಾನಗಳ ಬಗ್ಗೆ ಬರುವ ವರದಿಗಳಲ್ಲಿ ಸಾಮಾನ್ಯವಾಗಿ ಪ್ರದರ್ಶಿಕೆಗಳ ಸಂಖ್ಯೆ, ಜಾಗದ ವಿಸ್ತೀರ್ಣ, ತಗುಲಿದ ವೆಚ್ಚ ಇರುತ್ತವೆ. ಆದರೆ ಒಂದು ಪ್ರದರ್ಶಿಕೆ ಪಾಠ ಹೇಳುತ್ತದೆಯೇ ಇಲ್ಲವೇ ಎಂಬುದು ಇವುಗಳಿಂದ ತೀರ್ಮಾನವಾಗುವುದಿಲ್ಲ. ಹಿಡಿಕೆ ಯಾವ ಎತ್ತರದಲ್ಲಿದೆ, ಯಾವ ವಸ್ತುವಿನದು, ಫಲಕದ ಮೊದಲ ವಾಕ್ಯ ಯಾವುದು, ರಾಟೆಗೆ ಎಣ್ಣೆ ಬಿದ್ದು ಎಷ್ಟು ದಿನವಾಯಿತು ಎಂಬಂಥ ಸಣ್ಣ ಸಂಗತಿಗಳಿಂದ ತೀರ್ಮಾನವಾಗುತ್ತದೆ. ನಾಲ್ಕು ಉದಾಹರಣೆಗಳ ಮೂಲಕ ಇದನ್ನು ಪರಿಶೀಲಿಸೋಣ. ಇಲ್ಲಿನ ಮಾತು ಒಂದು ಕೇಂದ್ರವನ್ನು ಕುರಿತದ್ದಲ್ಲ, ಈ ಬಗೆಯ ಎಲ್ಲ ಉದ್ಯಾನಗಳ ರಚನೆಯನ್ನು ಕುರಿತದ್ದು.

ಮನರಂಜನೆಯ ಉದ್ಯಾನಗಳಿಂದ ಕಲಿಯಬೇಕಾದದ್ದು

ಸಣ್ಣ ವಿವರಗಳ ಬಗ್ಗೆ ಅತಿ ಹೆಚ್ಚು ತಲೆ ಕೆಡಿಸಿಕೊಂಡವರು ಮನರಂಜನಾ ಉದ್ಯಾನಗಳನ್ನು ಕಟ್ಟಿದವರು. ಅಮೆರಿಕದ ಆನಹೈಮ್‌ನಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್‌ನ ಕೋಟೆ ಕೇವಲ 77 ಅಡಿ ಎತ್ತರ. ಆದರೆ ಅದರ ಕೆಳಭಾಗದ ಕಲ್ಲುಗಳು ದೊಡ್ಡವು, ಮೇಲೆ ಹೋದಂತೆ ಚಿಕ್ಕವು. ದೂರದ ವಸ್ತು ಕಣ್ಣಿನಲ್ಲಿ ಚಿಕ್ಕ ಕೋನವನ್ನು ಉಂಟುಮಾಡುತ್ತದೆ ಎಂಬುದು ನಮ್ಮ ಮಿದುಳಿಗೆ ಅಭ್ಯಾಸ. ಮೇಲಿನ ಕಲ್ಲುಗಳು ಚಿಕ್ಕದಾಗಿ ಕಂಡಾಗ ಅವು ಬಹಳ ಎತ್ತರದಲ್ಲಿವೆ ಎಂದು ಅದು ಲೆಕ್ಕ ಹಾಕುತ್ತದೆ. ಉದ್ಯಾನದ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿ ಹೊರಗಿನ ರಸ್ತೆ, ವಾಹನಗಳು ಕಾಣದಂತೆ ಮಾಡಿದ್ದೂ ಇಂಥದೇ ಒಂದು ವಿವರ.

ನಮ್ಮ ರಾಜ್ಯದಲ್ಲಿ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾದಲ್ಲೂ ಸುತ್ತು ಹಾಕುವ ರೈಲು ಉಂಟು. ಇಂಥ ಆಧುನಿಕ ರೈಲುಗಳ ಸುರುಳಿ ಪೂರ್ಣ ವೃತ್ತವಾಗಿರದೆ, ತಲೆಕೆಳಗಾದ ನೀರಿನ ಹನಿಯಂತೆ ಇರುವುದನ್ನು ಚಿತ್ರಗಳಲ್ಲಿ ನೋಡಿರಬಹುದು. ಕಾರಣ ಪಿಯುಸಿ ವಿದ್ಯಾರ್ಥಿಗೆ ತಿಳಿಯುವಷ್ಟು ಸರಳ. ಘರ್ಷಣೆಯಿಲ್ಲದ ವೃತ್ತಾಕಾರದ ಸುರುಳಿಯಲ್ಲಿ ತಳದಲ್ಲಿ ಅನುಭವವಾಗುವ ತೂಕಕ್ಕೂ ತುದಿಯಲ್ಲಿ ಅನುಭವವಾಗುವ ತೂಕಕ್ಕೂ ನಡುವಿನ ಅಂತರ ನಿಜವಾದ ತೂಕದ 6 ಪಟ್ಟು. ವೇಗವನ್ನಾಗಲಿ ತ್ರಿಜ್ಯವನ್ನಾಗಲಿ ಬದಲಿಸಿದರೂ ಈ ಅಂತರ ಬದಲಾಗದು. 50 ಕಿ.ಗ್ರಾಂ ವ್ಯಕ್ತಿ ತುದಿಯಲ್ಲಿ ತೂಕವನ್ನೇ ಕಳೆದುಕೊಂಡರೆ ತಳದಲ್ಲಿ 300 ಕಿ.ಗ್ರಾಂ ಭಾರ ಹೊತ್ತಂತಾಗುತ್ತದೆ. ಕತ್ತಿಗೆ ಅದು ಅಪಾಯ. ತಳದಲ್ಲಿ ತ್ರಿಜ್ಯ ಹೆಚ್ಚಿಸಿ, ತುದಿಯಲ್ಲಿ ಕಡಿಮೆ ಮಾಡಿದರೆ ಈ ಅಂತರ ತಗ್ಗುತ್ತದೆ. 1976ರಲ್ಲಿ ಅಮೆರಿಕದ ಒಂದು ಉದ್ಯಾನದಲ್ಲಿ ಜರ್ಮನ್ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ಅವರ ಲೆಕ್ಕಾಚಾರದಿಂದ ಇಂಥ ಸುರುಳಿ ಬಳಕೆಗೆ ಬಂದ ಮೇಲೆ ಅದೇ ರೂಢಿಯಾಯಿತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮನರಂಜನಾ ಉದ್ಯಾನದ ವಿವರ ತಪ್ಪಿದರೆ ಕತ್ತು ನೋಯುತ್ತದೆ, ದೂರು ಬರುತ್ತದೆ, ಟಿಕೆಟ್ ಮಾರಾಟ ಇಳಿಯುತ್ತದೆ. ತಪ್ಪು ತಾನಾಗಿ ತಿಳಿಯುತ್ತದೆ. ವಿಜ್ಞಾನ ಉದ್ಯಾನದ ವಿವರ ತಪ್ಪಿದರೆ ಯಾರೂ ದೂರುವುದಿಲ್ಲ. ಪಿಸುಮಾತು ಕೇಳಿಸದ ಹುಡುಗಿ ತಟ್ಟೆ ಓರೆಯಾಗಿದೆ ಎನ್ನುವುದಿಲ್ಲ, ‘ನನಗೆ ವಿಜ್ಞಾನ ತಿಳಿಯುವುದಿಲ್ಲ’ ಎಂದುಕೊಂಡು ಮುಂದೆ ಹೋಗುತ್ತಾಳೆ. ಈ ನಷ್ಟ ಯಾವ ವರದಿಯಲ್ಲೂ ದಾಖಲಾಗದು. ಸಣ್ಣ ವಿವರಗಳ ವಿಮರ್ಶೆ ಅಗತ್ಯವಾಗುವುದು ಈ ಕಾರಣಕ್ಕೆ.

ಪಿಸುಮಾತಿನ ತಟ್ಟೆ

ಎದುರುಬದುರಾಗಿ ನಿಂತ ಎರಡು ಪರವಲಯಾಕಾರದ ತಟ್ಟೆಗಳನ್ನು ಎಲ್ಲರೂ ನೋಡಿದ್ದೇವೆ. ಒಂದರ ಸಂಗಮಬಿಂದುವಿನಲ್ಲಿ ಆಡಿದ ಮಾತು ಸಮಾಂತರವಾಗಿ ಸಾಗಿ, 25 ಮೀಟರ್ ಆಚೆಯ ಇನ್ನೊಂದರ ಸಂಗಮಬಿಂದುವಿನಲ್ಲಿ ಕೂಡುತ್ತದೆ. ಸಂಗಮಬಿಂದು ಎಲ್ಲಿದೆ ಎಂದು ತಿಳಿಯಲು ತಟ್ಟೆಯ ವ್ಯಾಸದ ವರ್ಗವನ್ನು ಅದರ ಆಳದ 16 ಪಟ್ಟಿನಿಂದ ಭಾಗಿಸಿದರೆ ಸಾಕು. 2 ಮೀಟರ್ ವ್ಯಾಸ, 25 ಸೆಂ.ಮೀ. ಆಳದ ತಟ್ಟೆಗೆ ಅದು ಸರಿಯಾಗಿ 1 ಮೀಟರ್ ಮುಂದೆ. ಅಲ್ಲೊಂದು ಬಳೆಯನ್ನು ಕೂಡಿಸಿರುತ್ತಾರೆ.

ಇಡೀ ಪ್ರದರ್ಶಿಕೆಯ ಪ್ರಾಣ ಈ ಬಳೆ. ಅದು ನೆಲದಿಂದ 150 ಸೆಂ.ಮೀ. ಎತ್ತರದಲ್ಲಿದ್ದರೆ ಉದ್ಘಾಟನೆಗೆ ಬಂದ ಅತಿಥಿಗೆ ಅನುಕೂಲ. ಐದನೆಯ ತರಗತಿಯ ಮಗುವಿನ ಬಾಯಿ ಅಲ್ಲಿಗೆ ತಲುಪದು. ಕಾಲಡಿ ಎರಡು ಮೆಟ್ಟಿಲು, ಅಂದರೆ ಎರಡು ಶಹಾಬಾದ್ ಕಲ್ಲಿನ ಚಪ್ಪಡಿ, ಇಟ್ಟರೆ ಮಗುವೂ ಭೌತವಿಜ್ಞಾನವೂ ಒಂದೇ ಎತ್ತರಕ್ಕೆ ಬರುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಹೆಚ್ಚಿನ ಮಕ್ಕಳು ತಟ್ಟೆಯೊಳಗೆ ಕೂಗುತ್ತಾರೆ. ಕೂಗಿದ ಧ್ವನಿ ನೇರವಾಗಿ ಗಾಳಿಯಲ್ಲೇ ಕೇಳಿಸುವುದರಿಂದ ತಟ್ಟೆಯ ಕೆಲಸ ಏನೆಂದು ತಿಳಿಯುವುದೇ ಇಲ್ಲ. ಫಲಕದಲ್ಲಿ ‘ಪಿಸುಗುಟ್ಟಿರಿ’ ಎಂದು ಬರೆದಿರುವುದಕ್ಕೆ ಇನ್ನೂ ಒಂದು ಕಾರಣವಿದೆ, ಅದನ್ನು ಮಾತ್ರ ಫಲಕ ಹೇಳುವುದಿಲ್ಲ. ಗಂಡಸಿನ ಧ್ವನಿಯ ಮೂಲ ಆವೃತ್ತಿ 120 ಹರ್ಟ್ಸ್ ಆಸುಪಾಸಿನದು, ಅದರ ತರಂಗದೂರ ಸುಮಾರು 2.9 ಮೀಟರ್. ತಟ್ಟೆಗಿಂತ ದೊಡ್ಡದಾದ ಈ ತರಂಗವನ್ನು 2 ಮೀಟರ್ ತಟ್ಟೆ ಚೆನ್ನಾಗಿ ಕೇಂದ್ರೀಕರಿಸಲಾರದು. ಪಿಸುಮಾತಿನಲ್ಲಿ ಹೆಚ್ಚಾಗಿರುವುದು ಎತ್ತರದ ಆವೃತ್ತಿಗಳು. 2000 ಹರ್ಟ್ಸ್‌ನ ತರಂಗದೂರ ಸುಮಾರು 17 ಸೆಂ.ಮೀ. ಮಾತ್ರ, ತಟ್ಟೆಗೆ ಅದು ಸುಲಭದ ತುತ್ತು. ಈ ಎರಡು ಸಾಲು ಫಲಕದಲ್ಲಿದ್ದರೆ ಎಂಟನೆಯ ತರಗತಿಯ ಪ್ರತಿಫಲನದ ಪಾಠ ಪದವಿ ತರಗತಿಯ ವಿವರ್ತನೆಯವರೆಗೂ ಬೆಳೆಯುತ್ತದೆ.

ಕೊನೆಯದಾಗಿ ಅಡಿಪಾಯ. ನಮ್ಮದು ಎರೆಮಣ್ಣಿನ ನಾಡು. ತೊಗರಿಗೆ ಒಳ್ಳೆಯದಾದ ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಕಂಬದ ಬುಡ ಆಳವಿಲ್ಲದಿದ್ದರೆ ತಟ್ಟೆ ನಿಧಾನವಾಗಿ ಓರೆಯಾಗುತ್ತದೆ. ಕೇವಲ 5 ಡಿಗ್ರಿ ಓರೆಯಾದರೂ 25 ಮೀಟರ್ ದೂರದಲ್ಲಿ ಧ್ವನಿಯ ಧಾರೆ ಸುಮಾರು 2.2 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಎದುರಿನ ತಟ್ಟೆಯ ತ್ರಿಜ್ಯ 1 ಮೀಟರ್ ಅಷ್ಟೇ. ನೋಡಲು ಎಲ್ಲ ಸರಿಯಾಗಿರುತ್ತದೆ, ಬಣ್ಣ ಹೊಸದಾಗಿರುತ್ತದೆ, ಮಾತು ಮಾತ್ರ ಕೇಳಿಸದು.

ರಾಟೆಯ ಕುರ್ಚಿ

ಗೆಳೆಯನನ್ನು ಕುರ್ಚಿಯಲ್ಲಿ ಕೂರಿಸಿ, ಹಗ್ಗ ಎಳೆದು ಮೇಲೆತ್ತುವ ಪ್ರದರ್ಶಿಕೆ ಮಕ್ಕಳಿಗೆ ಬಲು ಪ್ರಿಯ. ಒಂದು ಕುರ್ಚಿಗೆ ಒಂದೇ ಸ್ಥಿರ ರಾಟೆ, ಇನ್ನೊಂದಕ್ಕೆ ನಾಲ್ಕು ರಾಟೆಗಳ ಜೋಡಣೆ. ಪುಸ್ತಕದ ಪ್ರಕಾರ 40 ಕಿ.ಗ್ರಾಂ ಭಾರಕ್ಕೆ ಮೊದಲನೆಯದರಲ್ಲಿ 40, ಎರಡನೆಯದರಲ್ಲಿ 10 ಕಿ.ಗ್ರಾಂ ತೂಕದಷ್ಟು ಬಲ ಸಾಕು.

ಈಗ ಘರ್ಷಣೆಯನ್ನು ಸೇರಿಸೋಣ. ಪ್ರತಿ ರಾಟೆಯನ್ನು ದಾಟುವಾಗ ಹಗ್ಗದ ಬಿಗಿತ ಶೇಕಡ 80ಕ್ಕೆ ಇಳಿಯುತ್ತದೆ ಎನ್ನೋಣ. ಭಾರ ಹೊರುವ ನಾಲ್ಕು ಎಳೆಗಳಲ್ಲಿ ಬಿಗಿತ ನಾವು ಹಾಕಿದ ಬಲದ 0.8, 0.64, 0.51, 0.41 ಪಾಲು ಆಗುತ್ತದೆ. ಒಟ್ಟು 2.36. ಆಗ ಬೇಕಾದ ಬಲ 10ರ ಬದಲು ಸುಮಾರು 17 ಕಿ.ಗ್ರಾಂ. ರಾಟೆಗೆ ತುಕ್ಕು ಹಿಡಿದು ಬಿಗಿತ ಶೇಕಡ 60ಕ್ಕೆ ಇಳಿದರೆ ಮೊತ್ತ 1.31, ಬೇಕಾದ ಬಲ ಸುಮಾರು 31 ಕಿ.ಗ್ರಾಂ. ನಾಲ್ಕು ಪಟ್ಟು ಎಂದು ಫಲಕ ಸಾರುವ ಯಾಂತ್ರಿಕ ಲಾಭ ಕೈಗೆ ಸಿಗುವುದು 1.3 ಪಟ್ಟು ಮಾತ್ರ! ಮಗುವಿನ ತೋಳು ಒಂದು ಹೇಳುತ್ತದೆ, ಫಲಕ ಇನ್ನೊಂದು ಹೇಳುತ್ತದೆ. ಇಂಥ ಪ್ರಸಂಗದಲ್ಲಿ ಮಗು ತೋಳನ್ನು ನಂಬಿದರೆ ನಿಯಮ ಹೋಯಿತು, ಫಲಕವನ್ನು ನಂಬಿದರೆ ಪ್ರಯೋಗದ ಮೇಲಿನ ಗೌರವ ಹೋಯಿತು. ಎರಡೂ ನಷ್ಟವೇ. ಬೇಕಾಗಿದ್ದದ್ದು ಒಂದು ಡಬ್ಬಿ ಗ್ರೀಸ್.

ಇದಕ್ಕೆ ಸೇರಿಸಬಹುದಾದ ಒಂದು ವಿವರ ಹೆಚ್ಚಿನ ಕಡೆ ಕಾಣುವುದಿಲ್ಲ. ಹಗ್ಗದ ಮೇಲೆ ಅರ್ಧ ಮೀಟರಿಗೊಂದು ಕೆಂಪು ಗುರುತು, ಕುರ್ಚಿಯ ಪಕ್ಕದ ಕಂಬದ ಮೇಲೆ ಅದೇ ಅಳತೆಯ ಗುರುತು. ನಾಲ್ಕು ರಾಟೆಯ ಕುರ್ಚಿ ಅರ್ಧ ಮೀಟರ್ ಏರುವಷ್ಟರಲ್ಲಿ ಕೈಯಿಂದ ನಾಲ್ಕು ಗುರುತುಗಳ ಅಂತರದಷ್ಟು, ಅಂದರೆ 2 ಮೀಟರ್, ಹಗ್ಗ ಜಾರಿಹೋಗುವುದನ್ನು ಮಗು ಎಣಿಸಬಹುದು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕು ಎಂಬ ಶಕ್ತಿ ಸಂರಕ್ಷಣೆಯ ತತ್ವ ಕೆಂಪು ಬಣ್ಣದಲ್ಲಿ ಕಣ್ಣೆದುರು ನಿಲ್ಲುತ್ತದೆ. ಗುರುತಿಲ್ಲದ ಹಗ್ಗ ಮಗುವಿಗೆ ‘ಇದು ಸುಲಭ, ಅದು ಕಷ್ಟ’ ಎಂದಷ್ಟೇ ತಿಳಿಸಿ ಸುಮ್ಮನಾಗುತ್ತದೆ.

ಸೂರ್ಯಗಡಿಯಾರ

ಸೂರ್ಯಗಡಿಯಾರದ ಮುಂದೆ ನಿಂತ ಪ್ರತಿ ಮಗುವೂ ಮಾಡುವ ಮೊದಲ ಕೆಲಸ ಮೇಷ್ಟ್ರ ಕೈಗಡಿಯಾರ ನೋಡುವುದು. ಎರಡೂ ಹೊಂದುವುದಿಲ್ಲ. ‘ಹಳೇ ಕಾಲದ್ದು, ಸರಿಯಿಲ್ಲ’ ಎಂಬ ತೀರ್ಪು ಕ್ಷಣದಲ್ಲೇ ಬೀಳುತ್ತದೆ.

ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಲಬುರಗಿ ಇರುವುದು ಸುಮಾರು 76.8 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ಇಲ್ಲಿಯ ಸೂರ್ಯ ಸುಮಾರು 23 ನಿಮಿಷ ಹಿಂದೆ. ಪೂರ್ವಕ್ಕಿರುವ ಚಂದಾಪುರದಲ್ಲಿ ಈ ಅಂತರ ಸುಮಾರು 20 ನಿಮಿಷ. ಅಂದರೆ ಒಂದೇ ಜಿಲ್ಲೆಯೊಳಗೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು ವ್ಯತ್ಯಾಸ. ಇದರ ಮೇಲೆ ಭೂಮಿಯ ದೀರ್ಘವೃತ್ತ ಪಥ ಮತ್ತು ಅಕ್ಷದ ಓಲುವಿಕೆಯಿಂದ ಬರುವ ಏರಿಳಿತ ಬೇರೆ. ಫೆಬ್ರವರಿ ಎರಡನೆಯ ವಾರದಲ್ಲಿ ಇದು ಇನ್ನೂ 14 ನಿಮಿಷ ಹಿಂದಕ್ಕೆ ತಳ್ಳಿ ಒಟ್ಟು ವ್ಯತ್ಯಾಸವನ್ನು ಸುಮಾರು 37 ನಿಮಿಷ ಮಾಡುತ್ತದೆ. ನವೆಂಬರ್ ಮೊದಲ ವಾರದಲ್ಲಿ 16 ನಿಮಿಷ ಮುಂದಕ್ಕೆ ತಂದು, ಸುಮಾರು 6 ನಿಮಿಷದ ವ್ಯತ್ಯಾಸವನ್ನಷ್ಟೇ ಉಳಿಸುತ್ತದೆ. ತಿಂಗಳಿಗೊಂದು ಸಂಖ್ಯೆಯಂತೆ ಹನ್ನೆರಡು ಸಂಖ್ಯೆಗಳ ಒಂದು ಕೋಷ್ಟಕ ಪಕ್ಕದಲ್ಲಿದ್ದರೆ ಮಗು ತಾನೇ ಕೂಡಿಸಿ ನೋಡಿ, ನೆರಳು ನಿಜ ಹೇಳುತ್ತಿದೆ ಎಂದು ಕಂಡುಕೊಳ್ಳುತ್ತದೆ. ಕೋಷ್ಟಕವಿದ್ದರೆ ಸೂರ್ಯಗಡಿಯಾರ ಉದ್ಯಾನದ ಅತ್ಯುತ್ತಮ ಪ್ರದರ್ಶಿಕೆ. ಇಲ್ಲದಿದ್ದರೆ ಅದು ಸುಳ್ಳು ಹೇಳುವ ಅಲಂಕಾರ.

ನೆರಳು ಬೀಳಿಸುವ ಶಂಕುವಿನ ಕೋನವೂ ಅಷ್ಟೇ ಮುಖ್ಯ. ಅದು ಊರಿನ ಅಕ್ಷಾಂಶಕ್ಕೆ ಸಮವಾಗಿರಬೇಕು. ಕಲಬುರಗಿಗೆ 17.3 ಡಿಗ್ರಿ, ದೆಹಲಿಗೆ 28.6. ಒಂದೇ ಅಚ್ಚಿನಲ್ಲಿ ಎಲ್ಲ ಊರಿಗೂ ಗಡಿಯಾರ ಎರಕ ಹೊಯ್ದರೆ ಮಧ್ಯಾಹ್ನದಲ್ಲಿ ಮಾತ್ರ ಸರಿ, ಬೆಳಿಗ್ಗೆ ಸಂಜೆ ತಪ್ಪು. ನಮ್ಮ ಅಕ್ಷಾಂಶದ ಇನ್ನೊಂದು ವಿಶೇಷವನ್ನೂ ಇಲ್ಲಿಯೇ ಬರೆಯಬಹುದು: ಮೇ ಎರಡನೆಯ ವಾರದಲ್ಲೊಮ್ಮೆ, ಆಗಸ್ಟ್ ಮೊದಲ ವಾರದಲ್ಲೊಮ್ಮೆ ಸೂರ್ಯ ನೆತ್ತಿಯ ಮೇಲೆ ನಿಂತು, ನೆಟ್ಟಗೆ ನಿಂತ ಕಂಬಕ್ಕೆ ಮಧ್ಯಾಹ್ನ ನೆರಳೇ ಇರುವುದಿಲ್ಲ. ದೆಹಲಿಯ ಮಗುವಿಗೆ ಈ ಭಾಗ್ಯವಿಲ್ಲ.

ಬಿಸಿ ಹಿಡಿಕೆ

ನಮ್ಮ ಬೇಸಿಗೆ 40 ಡಿಗ್ರಿ ಸೆ. ದಾಟುತ್ತದೆ. ರಜೆಯ ಶಿಬಿರಗಳು ನಡೆಯುವುದೂ ಆಗಲೇ. ಬಿಸಿಲಿನಲ್ಲಿ 55 ಡಿಗ್ರಿಗೆ ಕಾದ ಕಬ್ಬಿಣದ ಹಿಡಿಕೆ ಮತ್ತು ಅಷ್ಟೇ ಕಾದ ಮರದ ಹಿಡಿಕೆಯನ್ನು ಮುಟ್ಟಿದ ಕ್ಷಣದಲ್ಲಿ, 33 ಡಿಗ್ರಿಯ ಅಂಗೈಗೆ ತಾಗುವ ಉಷ್ಣತೆ ಒಂದೇ ಅಲ್ಲ. ವಸ್ತುವಿನ ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣಗಳನ್ನು ಗುಣಿಸಿ ವರ್ಗಮೂಲ ತೆಗೆದ ಬೆಲೆಯ ಮೇಲೆ ಅದು ನಿರ್ಧಾರವಾಗುತ್ತದೆ. ಲೆಕ್ಕ ಮಾಡಿದರೆ ಕಬ್ಬಿಣದಲ್ಲಿ ಸುಮಾರು 53 ಡಿಗ್ರಿ, ಮರದಲ್ಲಿ ಸುಮಾರು 38, ಶಹಾಬಾದ್ ಕಲ್ಲಿನಂಥ ಸುಣ್ಣಕಲ್ಲಿನಲ್ಲಿ ಸುಮಾರು 46. ಚರ್ಮಕ್ಕೆ ನೋವು ತೊಡಗುವುದು 43ರಿಂದ 45 ಡಿಗ್ರಿಯ ಆಸುಪಾಸಿನಲ್ಲಿ.

ಕಬ್ಬಿಣದ ಹಿಡಿಕೆಯನ್ನು ಮಗು ಮುಟ್ಟಿ ಬಿಟ್ಟುಬಿಡುತ್ತದೆ, ಪ್ರಯೋಗ ಅಲ್ಲಿಗೆ ಮುಗಿಯಿತು. ಮರದ ಹಿಡಿಕೆ ತೊಡಿಸಿದರೆ ಅಥವಾ ಪಕ್ಕದಲ್ಲಿ ಒಂದು ಬೇವಿನ ಗಿಡ ನೆಟ್ಟರೆ ಅದು ಎಲ್ಲ ಋತುವಿನಲ್ಲೂ ಬದುಕುತ್ತದೆ. ಜಾಣ ವಿನ್ಯಾಸಕಾರ ಇನ್ನೊಂದು ಹೆಜ್ಜೆ ಹೋಗಿ, ಒಂದೇ ಸರಳಿಗೆ ಅರ್ಧ ಕಬ್ಬಿಣ, ಅರ್ಧ ಮರ ತೊಡಿಸಿ, ನೆರಳಿನಲ್ಲಿಟ್ಟು, ‘ಎರಡರ ಉಷ್ಣತೆಯೂ ಒಂದೇ. ಹಾಗಾದರೆ ಬೇರೆ ಬೇರೆ ಏಕೆ ಅನಿಸುತ್ತದೆ?’ ಎಂದು ಬರೆದಾನು. ಆಗ ಹಿಡಿಕೆಯೇ ಪ್ರದರ್ಶಿಕೆ.

ಮುಚ್ಚುವ ವಿವರ, ತೆರೆಯುವ ವಿವರ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಅಗತ್ಯ. ವಿಜ್ಞಾನ ಉದ್ಯಾನ ಮನರಂಜನಾ ಉದ್ಯಾನವನ್ನು ಅನುಕರಿಸಬೇಕೆಂದು ಇದರ ಅರ್ಥವಲ್ಲ. ಡಿಸ್ನಿಲ್ಯಾಂಡ್‌ನ ವಿವರಗಳು ಯಂತ್ರವನ್ನು ಬಚ್ಚಿಡಲು ಇವೆ. ಕೋಟೆ ನಿಜಕ್ಕೂ ಎಷ್ಟು ಎತ್ತರ ಎಂಬುದು ತಿಳಿದರೆ ಮಾಯೆ ಕಳಚುತ್ತದೆ. ವಿಜ್ಞಾನ ಉದ್ಯಾನದ ವಿವರಗಳು ಯಂತ್ರವನ್ನು ತೆರೆದು ತೋರಿಸಬೇಕು. ಇದನ್ನು ಚೆನ್ನಾಗಿ ಅರಿತವರು ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್. ಅವರು 1969ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಎಕ್ಸ್‌ಪ್ಲೊರೇಟೋರಿಯಂನಲ್ಲಿ ಪ್ರದರ್ಶಿಕೆಗಳನ್ನು ತಯಾರಿಸುವ ಕಾರ್ಯಾಗಾರವನ್ನೇ ಸಂದರ್ಶಕರ ಕಣ್ಣಿಗೆ ಬೀಳುವಂತೆ ಇಟ್ಟರು. ಫಲಕಗಳಲ್ಲಿ ಮೊದಲು ಏನು ಮಾಡಬೇಕು, ಏನನ್ನು ಗಮನಿಸಬೇಕು ಎಂದು ಹೇಳಿ, ವಿವರಣೆಯನ್ನು ಕೊನೆಗೆ ಇಡುವ ಕ್ರಮವೂ ಅಲ್ಲಿ ರೂಢಿಯಾಯಿತು. ನಮ್ಮ ಫಲಕಗಳಲ್ಲಿ ಅನೇಕವು ‘ಇದು ಪ್ಯಾಸ್ಕಲ್‌ನ ನಿಯಮವನ್ನು ಆಧರಿಸಿದೆ’ ಎಂದೇ ತೊಡಗುತ್ತವೆ. ಉತ್ತರ ಮೊದಲು ಬಂದರೆ ಪ್ರಶ್ನೆಗೆ ಜಾಗ ಎಲ್ಲಿ? ಇದನ್ನು ತಿದ್ದಲು ಹಣ ಬೇಡ, ವಾಕ್ಯಗಳ ಕ್ರಮ ಬದಲಿಸಿದರೆ ಸಾಕು.

ವಿವರ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ನೆರೆಯ ವಿಜಯಪುರದ ಗೋಳಗುಮ್ಮಟಕ್ಕಿಂತ ಉದಾಹರಣೆ ಬೇಕಿಲ್ಲ. ಒಳವ್ಯಾಸ ಸುಮಾರು 38 ಮೀಟರ್ ಇರುವ ಆ ಗುಮ್ಮಟದಲ್ಲಿ ಶಬ್ದ ಅಡ್ಡಲಾಗಿ ದಾಟಲು ಸುಮಾರು 0.11 ಸೆಕೆಂಡ್ ಬೇಕು, ಹೋಗಿ ಬರಲು 0.22. ನಮ್ಮ ಕಿವಿ ಪ್ರತಿಧ್ವನಿಯನ್ನು ಬೇರೆಯಾಗಿ ಗುರುತಿಸಲು 0.1 ಸೆಕೆಂಡ್ ಸಾಕು. ಧ್ವನಿವಿಜ್ಞಾನದ ಇಂಥ ಪ್ರದರ್ಶಿಕೆ ಜಗತ್ತಿನಲ್ಲೇ ವಿರಳ. ಆದರೆ ಎಲ್ಲರೂ ಏಕಕಾಲಕ್ಕೆ ಕೂಗುವುದರಿಂದ ಯಾರಿಗೂ ಸರಿಯಾಗಿ ಕೇಳಿಸದು. ಗಂಟೆಗೊಮ್ಮೆ ಐದು ನಿಮಿಷ ಮೌನ, ಒಬ್ಬರಿಂದ ಒಂದು ಚಪ್ಪಾಳೆ. ಇಷ್ಟು ಸಣ್ಣ ಏರ್ಪಾಡು ಹದಿನೇಳನೆಯ ಶತಮಾನದ ಆ ಕಟ್ಟಡವನ್ನು ಪ್ರಯೋಗಾಲಯವಾಗಿಸಬಲ್ಲದು.

ಅಧ್ಯಾಪಕರು ಮಾಡಬಹುದಾದದ್ದು

ಹಣವಿಲ್ಲ, ಸಿಬ್ಬಂದಿ ಕಡಿಮೆ, ಮಕ್ಕಳು ಮುರಿಯುತ್ತಾರೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೊದಲೆರಡರಲ್ಲಿ ಸತ್ಯವಿದೆ. ಆದರೆ ಮೇಲೆ ಹೇಳಿದ ಮೆಟ್ಟಿಲು, ಬಣ್ಣ, ಗ್ರೀಸ್, ಕೋಷ್ಟಕಗಳ ಒಟ್ಟು ಖರ್ಚು ಹೊಸದೊಂದು ಪ್ರದರ್ಶಿಕೆಯ ಖರ್ಚಿಗಿಂತ ಬಹಳ ಕಡಿಮೆ. ಮುರಿಯುವುದರ ಬಗ್ಗೆ ಹೇಳುವುದಾದರೆ, ಯಾವ ಭಾಗ ಪದೇ ಪದೇ ಮುರಿಯುತ್ತದೆಯೋ ಅಲ್ಲಿ ಮಕ್ಕಳ ಕೈ ಹೋಗುತ್ತಿದೆ ಎಂದು ಅರ್ಥ. ಅಲ್ಲಿ ‘ಮುಟ್ಟಬೇಡಿ’ ಎಂಬ ಫಲಕ ಹಾಕುವುದಕ್ಕಿಂತ ಗಟ್ಟಿಯಾದ ಹಿಡಿಕೆ ಹಾಕುವುದು ವಿವೇಕ.

ಭೇಟಿಯ ವೇಳೆಯೂ ಒಂದು ವಿವರವೇ. 50 ಮಕ್ಕಳನ್ನು 100 ನಿಮಿಷಗಳಲ್ಲಿ 25 ಪ್ರದರ್ಶಿಕೆಗಳ ಮುಂದೆ ಸಾಲಾಗಿ ನಡೆಸಿದರೆ ಒಂದಕ್ಕೆ 4 ನಿಮಿಷ, ಒಂದು ಮಗುವಿಗೆ 5 ಸೆಕೆಂಡಿಗೂ ಕಡಿಮೆ. ಹತ್ತು ಜನರ ಐದು ಗುಂಪು ಮಾಡಿ, ಮೊದಲೇ ಆರಿಸಿದ ಹತ್ತು ಪ್ರದರ್ಶಿಕೆಗಳಿಗೆ ಸರದಿಯಂತೆ ಕಳಿಸಿದರೆ ಪ್ರತಿ ಮಗುವಿಗೂ ಒಂದೊಂದರಲ್ಲಿ ಪೂರ್ತಿ ಒಂದು ನಿಮಿಷ ಸಿಗುತ್ತದೆ. ಅಧ್ಯಾಪಕರು ಒಂದು ಸ್ಪ್ರಿಂಗ್ ತ್ರಾಸು, ಅಳತೆಪಟ್ಟಿ, ದಿಕ್ಸೂಚಿ ಒಯ್ದರೆ ಮಕ್ಕಳೇ ರಾಟೆಯ ನಿಜವಾದ ಯಾಂತ್ರಿಕ ಲಾಭವನ್ನು, ಶಂಕುವಿನ ಕೋನವನ್ನು ಅಳೆಯಬಹುದು. ಅಳತೆ ಫಲಕಕ್ಕೆ ಹೊಂದದಿದ್ದರೆ ಅದನ್ನು ಕೇಂದ್ರದವರಿಗೆ ಬರೆದು ಕಳಿಸುವಂತೆ ಮಕ್ಕಳನ್ನು ಪ್ರೋತ್ಸಾಹಿಸಿ. ದೂರೇ ಬಾರದ ಕಡೆ ಬರುವ ಅಂಥದೊಂದು ಪತ್ರ ವಿನ್ಯಾಸಕಾರನಿಗೆ ಬಲು ಉಪಯುಕ್ತ.

ಪ್ರವಾಸ ಹೋಗಲಾಗದ ಶಾಲೆಗಳೂ ಉಂಟು. ಅಂಗಳದಲ್ಲಿ ಒಂದು ಶಹಾಬಾದ್ ಚಪ್ಪಡಿ, 17.3 ಡಿಗ್ರಿ ಕೋನದಲ್ಲಿ ಉತ್ತರಕ್ಕೆ ಮುಖಮಾಡಿ ಏರಿದ ಒಂದು ಸರಳು, ಪಕ್ಕದ ಗೋಡೆಯ ಮೇಲೆ ಹನ್ನೆರಡು ಸಂಖ್ಯೆಗಳು. ಚಂದಾಪುರದ ಶಾಲೆಗೆ ಅದರ ಅಕ್ಷಾಂಶಕ್ಕೆ ಸರಿಯಾಗಿ 17.5 ಡಿಗ್ರಿ ಮಾಡಿಕೊಂಡರಾಯಿತು. ಆ 0.2 ಡಿಗ್ರಿಗೆ ಅಷ್ಟೊಂದು ಚಿಂತೆ ಏಕೆ ಎಂದು ಒಬ್ಬ ವಿದ್ಯಾರ್ಥಿಯಾದರೂ ಕೇಳಿದರೆ ಆ ಗಡಿಯಾರ ತನ್ನ ಕೆಲಸ ಮಾಡಿತು.